ಸೋರೆಕಾಯಿ ಬ್ರೆಡ್ಡು, ಐದನೇ ಸಲ

ತಗಡಿನ ಮೇಲೆ ಹಬ್ಬಿಸಿದ ಸೋರೆಬಳ್ಳಿ ಈ ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಒಂದು ಕಾಯಿ ಕೊಡತೊಡಗಿತು. ಪಲ್ಯ ಆಯ್ತು, ಸಾರು ಆಯ್ತು, ಮಜ್ಜಿಗೆ ಹುಳಿ, ಥಾಲಿಪಟ್ಟು, ಹಲ್ವ ಎಲ್ಲಾ ಆಯ್ತು. ಓಣಿಯವರಿಗೂ ಹಂಚಿ ಮುಗಿಯಿತು. ಈಗ ನಾನು ಕಾಯಿ ಹಿಡಿದು ಬರುವುದು ಕಂಡರೆ ಎದುರುಮನೆಯವರು ಒಳಗೆ ಏನೋ ಕೆಲಸ ಇದ್ದವರ ಹಾಗೆ ಎದ್ದು ಹೋಗುತ್ತಾರೆ. ಬಳ್ಳಾರಿಯ ಬಿಸಿಲಿಗೆ ಮನುಷ್ಯರು ಬಾಡುತ್ತಾರೆ, ಈ ಬಳ್ಳಿ ಮಾತ್ರ ಬಾಡುವುದಿಲ್ಲ.

ಅದೇ ಹೊತ್ತಿಗೆ ಒಂದು ಹಳೇ ಒ.ಟಿ.ಜಿ. ಒಲೆ (ಮೇಲೊಂದು ಕೆಳಗೊಂದು ಬಿಸಿಯಾಗುವ ಕಡ್ಡಿ ಇರುವ ಕರೆಂಟಿನ ಓವನ್) ಕೈಗೆ ಬಂತು, 1,500 ರೂಪಾಯಿಗೆ. ‘ಕೆಳಗಿನ ಕಡ್ಡಿ ಸ್ವಲ್ಪ ನಿಧಾನ’ ಅಂದಿದ್ದ ಮಾರಿದವನು. ನಾನು ಜೀನ್ಸ್ ಹೊಲಿಯುವ ಘಟಕಗಳಲ್ಲಿ ಮಷೀನ್ ರಿಪೇರಿ ಮಾಡುವವನು. ‘ಸ್ವಲ್ಪ ನಿಧಾನ’ ಅಂದರೆ ಏನರ್ಥ ಅಂತ ನನಗೆ ಗೊತ್ತಿರಬೇಕಿತ್ತು. ಆದರೂ ತಂದೆ. ಯೋಚನೆ ಸರಳವಾಗಿತ್ತು: ಈಸ್ಟ್ ಇಲ್ಲದ, ನಾದುವ ಕೆಲಸ ಇಲ್ಲದ, ತರಕಾರಿ ತುರಿದು ಕಲಸಿ ನೇರ ಒಲೆಗೆ ಹಾಕುವ ಕ್ವಿಕ್ ಬ್ರೆಡ್. ಹೊರಗಿನವರು ಜುಕಿನಿ ಹಾಕಿ ಮಾಡುತ್ತಾರೆ. ಜುಕಿನಿಗೂ ಸೋರೆಕಾಯಿಗೂ ಒಂದೇ ಕುಲ, ಎರಡರಲ್ಲೂ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಸಿಹಿ ಬೇಡ, ಖಾರದ್ದೇ ಇರಲಿ, ಹಿಟ್ಟಿನಲ್ಲಿ ಜೋಳವೂ ಇರಲಿ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅಮ್ಮ ಮೊಟ್ಟೆ ಮುಟ್ಟುವುದಿಲ್ಲವಾದ್ದರಿಂದ ಮೊಟ್ಟೆಯೂ ಇಲ್ಲ.

ಮೊದಲನೇ ಭಾನುವಾರ. ಸಂಜೆ ಏಳಕ್ಕೆ ಹಿಟ್ಟು ಒಳಗೆ ಹೋಯಿತು. ಐವತ್ತು ನಿಮಿಷಕ್ಕೆ ತೆಗೆದರೆ ಮೇಲೆ ಇದ್ದಿಲು, ಕೆಳಗೆ ಅಂಬಲಿ. ತಟ್ಟೆಗೆ ಮಗುಚಿದಾಗ ಕರೀ ಟೋಪಿಯೊಂದು ಕೆಳಗೆ ಕೂತು, ಅದರ ಮೇಲೆ ಹಸಿ ಹಿಟ್ಟು ನಿಧಾನಕ್ಕೆ ಹರಿಯಿತು. ಅಮ್ಮ ನೋಡಿ ಏನೂ ಅನ್ನಲಿಲ್ಲ. ಅದೇ ಕೆಟ್ಟದ್ದು.

ಮಾರನೇ ದಿನ ಒಲೆ ಬಿಚ್ಚಿದೆ. ಪ್ಲಗ್ ತೆಗೆದು, ಹಿಂದಿನ ತಗಡಿನ ಎಂಟು ಸ್ಕ್ರೂ ಬಿಚ್ಚಿ, ಮಲ್ಟಿಮೀಟರನ್ನು ಓಮ್ಸ್‌ಗೆ, ಅಂದರೆ ಕರೆಂಟಿನ ತಡೆ ಅಳೆಯುವ ಕಡೆಗೆ, ಇಟ್ಟೆ. ಒಲೆಯ ಚೀಟಿಯಲ್ಲಿ 1,200 ವ್ಯಾಟ್ ಅಂತಿದೆ, ಅಂದರೆ ಕಡ್ಡಿಗೆ 600. 230 ವೋಲ್ಟಿಗೆ ಲೆಕ್ಕ ಹಾಕಿದರೆ ಒಂದೊಂದು ಕಡ್ಡಿ ಸುಮಾರು 88 ಓಮ್ ತೋರಿಸಬೇಕು. ಮೇಲಿನದು 85 ತೋರಿಸಿತು, ತಣ್ಣಗಿರುವಾಗ ಸ್ವಲ್ಪ ಕಡಿಮೆ ಇರುವುದು ಸರಿಯೇ. ಕೆಳಗಿನದು ಏನೂ ತೋರಿಸಲಿಲ್ಲ. ಕಡ್ಡಿಯೇ ಸತ್ತಿದೆ ಅಂದುಕೊಂಡು ಬೇಸರವಾಯಿತು, ಯಾಕೆಂದರೆ ಆ ಅಳತೆಯದು ಇಲ್ಲಿ ಸಿಗುವುದು ಕಷ್ಟ. ಆಮೇಲೆ ಪ್ರೋಬನ್ನು ವೈರಿನ ತುದಿಯಿಂದ ತೆಗೆದು ನೇರ ಕಡ್ಡಿಯ ಮೊಳೆಗೇ ಮುಟ್ಟಿಸಿದೆ. 86! ಕಡ್ಡಿ ಜೀವಂತ. ಸತ್ತಿದ್ದು ಅದಕ್ಕೆ ಸಿಕ್ಕಿಸಿದ ಲಗ್ಗು, ಅಂದರೆ ವೈರಿನ ತುದಿಯ ಲೋಹದ ಕೊಂಡಿ. ಬೆರಳಲ್ಲಿ ಹಿಡಿದರೆ ಬೇಯಿಸಿದ ಕಡಲೆಯ ಹಾಗೆ ಪುಡಿಯಾಯಿತು. ಸಡಿಲವಾಗಿ ಕೂತು, ಕಿಡಿ ಹಾರಿ, ಸುಟ್ಟು, ತುಕ್ಕು ಹಿಡಿದಿತ್ತು.

ಇಲ್ಲಿ ಒಂದು ಮಾತು, ರಿಪೇರಿ ಮಾಡುವವರಿಗೆ. ಇಂಥಲ್ಲಿ ಸೋಲ್ಡರ್ ಹಾಕಬೇಡಿ. ಸಾಮಾನ್ಯ ತವರ-ಸೀಸದ ಸೋಲ್ಡರ್ 183 ಡಿಗ್ರಿಗೇ ಕರಗುತ್ತದೆ, ಒಲೆ ಬಿಸಿಯಾದ ಕೂಡಲೇ ವೈರು ಕಳಚಿ ತಗಡಿಗೆ ಬೀಳುತ್ತದೆ. ಲಗ್ಗನ್ನು ಕ್ರಿಂಪ್ ಮಾಡಿ, ಅಂದರೆ ಇಕ್ಕಳದಲ್ಲಿ ಒತ್ತಿ, ಬಿಗಿಯಬೇಕು, ವೈರಿನ ಮೇಲೆ ಫೈಬರ್ ಗ್ಲಾಸ್ ತೋಳು ಹಾಕಬೇಕು. ಪ್ಲಾಸ್ಟಿಕ್ ಟೇಪ್ ಸುತ್ತಿ ಮುಗಿಸಿದವನ ಮನೆಯ ಒಲೆಯನ್ನು ನಾನು ಮುಟ್ಟುವುದಿಲ್ಲ. ಬಿಚ್ಚಿದ್ದಕ್ಕೆ ಇನ್ನೊಂದು ಲಾಭ: ಅರ್ಥ್ ವೈರನ್ನು ಯಾರೋ ಕತ್ತರಿಸಿ ಮಡಚಿ ಇಟ್ಟಿದ್ದರು. ಅದನ್ನು ಜೋಡಿಸಿ, ಪ್ಲಗ್ಗಿನ ದಪ್ಪ ಕಾಲಿನಿಂದ ಒಲೆಯ ಮೈವರೆಗೆ ಮೀಟರ್ ಕೂಗುವುದನ್ನು ಕೇಳಿದ ಮೇಲೆಯೇ ತಗಡು ಮುಚ್ಚಿದೆ.

ಡಯಲ್ ನಿಜ ಹೇಳುತ್ತದೋ ಇಲ್ಲವೋ ನೋಡಲು ಒಲೆಯ ಥರ್ಮಾಮೀಟರ್ ಇರಲಿಲ್ಲ, ಸಕ್ಕರೆ ಇತ್ತು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಫಾಯಿಲಿನಲ್ಲಿ ಅರ್ಧ ಚಮಚ ಸಕ್ಕರೆ ಇಟ್ಟು, ಕಾದ ಒಲೆಯಲ್ಲಿ ಹದಿನೈದು ನಿಮಿಷ ಬಿಟ್ಟು ನೋಡುವುದು. ಡಯಲ್ 190ಕ್ಕಿಟ್ಟೆ, ಹರಳು ಹರಳಾಗಿಯೇ ಇತ್ತು. 200ಕ್ಕೂ ಹಾಗೇ. 210ಕ್ಕೆ ಕರಗಿ ಗಾಜಿನ ಹಾಗಾಯಿತು. ಅಂದರೆ ನನ್ನ ಡಯಲ್ ಸುಮಾರು ಇಪ್ಪತ್ತು ಡಿಗ್ರಿ ಸುಳ್ಳು ಹೇಳುತ್ತದೆ. 180 ಬೇಕಿದ್ದರೆ 200ಕ್ಕೆ ಇಡಬೇಕು. ಮಾರ್ಕರಿನಲ್ಲಿ ಡಯಲಿನ ಮೇಲೆ ಗೆರೆ ಎಳೆದೆ.

ಇನ್ನು ಸಂಜೆಯ ವೋಲ್ಟೇಜು. ಏಳು ಗಂಟೆಗೆ ಅಡುಗೆಮನೆಯ ಸಾಕೆಟ್ಟಿನಲ್ಲಿ 196 ಇತ್ತು, ಬೆಳಗಿನ ಐದೂವರೆಗೆ 228. ಇದು ಸಣ್ಣ ವ್ಯತ್ಯಾಸ ಅಲ್ಲ. ವೋಲ್ಟೇಜ್ ಇಳಿದಾಗ ಶಾಖ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 196ಕ್ಕೆ ನನ್ನ 1,200 ವ್ಯಾಟಿನ ಒಲೆ ಸುಮಾರು 870 ವ್ಯಾಟಿನದಾಗಿಬಿಡುತ್ತದೆ, ಬಿಸಿ ಹಿಡಿಯಲು ಒದ್ದಾಡುತ್ತದೆ. ಹಾಗಾಗಿ ಅವತ್ತಿನಿಂದ ಬೇಯಿಸುವುದೆಲ್ಲ ಬೆಳಗಿನ ಜಾವ. ಮೇ ತಿಂಗಳ ಬಳ್ಳಾರಿಯಲ್ಲಿ ಹಗಲು ಹೊತ್ತು ಒಲೆ ಹಚ್ಚುವ ಧೈರ್ಯ ಹೇಗೂ ಯಾರಿಗೂ ಇರುವುದಿಲ್ಲ.

ಎರಡನೇ ಭಾನುವಾರದ ಬ್ರೆಡ್ಡು ನೋಡಲು ಚೆಂದವಿತ್ತು. ಕಂದು ಬಣ್ಣ, ಮೇಲೆ ಎಳ್ಳು, ಒಳಗೆ ಹುರಿದ ಸೂರ್ಯಪಾನದ (ಸೂರ್ಯಕಾಂತಿಯ) ಬೀಜ. ನಮ್ಮ ಕಡೆ ಹೊಲದಲ್ಲಿ ಬೆಳೆಯುವ ಬೆಳೆ, ಗೆಳೆಯನೊಬ್ಬ ಒಂದು ಸೇರು ಕೊಟ್ಟಿದ್ದ. ತಿಂದರೆ ಸೋಪಿನ ರುಚಿ. ಇರಲಿ, ಸೋಡಾ ಹೆಚ್ಚಾಗಿದೆ ಅಂತ ಬರೆದುಕೊಂಡು ಉಳಿದದ್ದನ್ನು ಡಬ್ಬಿಯಲ್ಲಿಟ್ಟೆ. ಮರುದಿನ ಬೆಳಿಗ್ಗೆ ಡಬ್ಬಿ ತೆರೆದ ಅಮ್ಮ ಕೂಗಿದಳು: ‘ಇದಕ್ಕೆ ಬೂಷ್ಟು ಬಂದೈತಲ್ಲೋ, ಒಂದೇ ರಾತ್ರಿಗೆ!’

ಬೂಷ್ಟು ಅಲ್ಲ. ಪ್ರತಿ ಬೀಜದ ಸುತ್ತಲೂ ಪಾಚಿ ಹಸಿರಿನ ಉಂಗುರ. ಭೂತಗನ್ನಡಿಯಲ್ಲಿ ನೋಡಿದೆ, ಎಳೆ ಇಲ್ಲ, ನಾರಿಲ್ಲ, ವಾಸನೆ ಇಲ್ಲ, ಬರೀ ಬಣ್ಣ. ಸೂರ್ಯಪಾನದ ಬೀಜದಲ್ಲಿ ಕ್ಲೋರೊಜೆನಿಕ್ ಆಮ್ಲ ಅಂತ ಒಂದು ಇರುತ್ತದೆ. ಹಿಟ್ಟು ಕ್ಷಾರವಾಗಿದ್ದರೆ, ಅಂದರೆ ಸೋಡಾ ಹುಳಿಯಲ್ಲಿ ತೀರದೆ ಮಿಕ್ಕಿದ್ದರೆ, ಅದು ಪ್ರೋಟೀನಿನ ಜೊತೆ ಸೇರಿ ಹಸಿರಾಗುತ್ತದೆ. ಒಲೆಯಿಂದ ತೆಗೆದಾಗ ಕಾಣುವುದಿಲ್ಲ, ಆರಿದ ಮೇಲೆ ತಾಸುಗಟ್ಟಲೆ ಕಳೆದು ಕಾಣುತ್ತದೆ. ತಿಂದರೆ ಏನೂ ಆಗುವುದಿಲ್ಲ. ಆದರೆ ಇದನ್ನೆಲ್ಲ ಅಮ್ಮನಿಗೆ ಹೇಳಿ ತಿನ್ನಿಸುವುದು ನನ್ನಿಂದಾಗಲಿಲ್ಲ. ಅದು ಎಮ್ಮೆಗೆ ಹೋಯಿತು.

ಸೋಪಿನ ರುಚಿಗೂ ಹಸಿರಿಗೂ ಕಾರಣ ಒಂದೇ. ನಾನು ಒಂದು ಚಮಚ ಸೋಡಾ ಹಾಕಿದ್ದೆ, ಮೊಸರು ಮಾತ್ರ ಅರ್ಧ ಬಟ್ಟಲು. ಕಾಲು ಚಮಚ ಸೋಡಾ ತೀರಬೇಕಾದರೆ ಅರ್ಧ ಬಟ್ಟಲು ಹುಳಿ ಮೊಸರು ಬೇಕು. ಉಳಿದ ಮುಕ್ಕಾಲು ಚಮಚ ಬಿಸಿಗೆ ವಾಷಿಂಗ್ ಸೋಡಾ ಆಗಿ ಬ್ರೆಡ್ಡಿನಲ್ಲೇ ಕೂತಿತ್ತು. ಅಲ್ಲಿಂದ ಮುಂದೆ ಸೋಡಾ ಕಾಲು ಚಮಚ ಅಷ್ಟೇ, ಉಬ್ಬುವ ಕೆಲಸದ ಹೆಚ್ಚಿನ ಪಾಲು ಬೇಕಿಂಗ್ ಪೌಡರಿಗೆ ವಹಿಸಿದೆ, ಎರಡು ಚಮಚ. ಅದರೊಳಗೇ ಅದರ ಹುಳಿಯೂ ಇರುತ್ತದೆ. ಮೊಸರು ಮುಕ್ಕಾಲು ಬಟ್ಟಲು. ನಮ್ಮ ಬೇಸಿಗೆಯಲ್ಲಿ ಮೊಸರನ್ನು ಹುಳಿ ಬರಿಸಬೇಕಾಗಿಲ್ಲ, ತಾನೇ ಬರುತ್ತದೆ.

ಮೂರನೆಯದು ನನ್ನ ಹೊಟ್ಟೆ ಉರಿಸಿದ್ದು. ಒಲೆ ಸರಿ, ಸೋಡಾ ಸರಿ, ಬಣ್ಣ ಸರಿ. ಕುಯ್ದರೆ ತಳದಿಂದ ಒಂದು ಬೆರಳು ಎತ್ತರಕ್ಕೆ ಅಂಟು ಅಂಟು ಪಟ್ಟಿ, ಬೇಯದ ಹಲಸಿನ ತೊಳೆಯ ಹಾಗೆ. ಅದರ ಮೇಲಿನ ಭಾಗ ಒಣಗಿ, ಬಾಯಲ್ಲಿ ಮರಳು ಮರಳು. ಒಂದೇ ಬ್ರೆಡ್ಡಿನಲ್ಲಿ ಒದ್ದೆಯೂ ಒಣಗೂ! ತುರಿದ ಸೋರೆಕಾಯಿ ಬೇಯುವಾಗ ನೀರು ಬಿಟ್ಟು ತಳಕ್ಕೆ ಇಳಿಸಿತ್ತು. ಜೋಳದ ಹಿಟ್ಟು ಮಾತ್ರ ನೀರು ಕುಡಿಯದೆ ಹಾಗೇ ಉಳಿದಿತ್ತು. ಜೋಳದಲ್ಲಿ ಗೋಧಿಯ ಹಾಗೆ ಹಿಡಿದಿಡುವ ಗ್ಲುಟೆನ್ ಇಲ್ಲ, ತಣ್ಣೀರಿಗೆ ಅದು ಸುಮ್ಮನೆ ಕದಡುತ್ತದೆ.

ನಾಲ್ಕನೇ ಸಲಕ್ಕೆ ತುರಿಗೆ ಮುಕ್ಕಾಲು ಚಮಚ ಉಪ್ಪು ಹಾಕಿ ಇಪ್ಪತ್ತು ನಿಮಿಷ ಬಿಟ್ಟೆ. ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುವಿ ಹಿಂಡಿದೆ. 300 ಗ್ರಾಂ ತುರಿಯಿಂದ 105 ಮಿಲಿ ತಿಳಿ ಹಸಿರು ನೀರು ಇಳಿಯಿತು. ಪಂಚೆಯೊಳಗೆ ಉಳಿದದ್ದು ಹತ್ತಿಯ ಉಂಡೆಯಷ್ಟು, ಮೃದು, ಒತ್ತಿದರೆ ಬೆರಳಿಗೆ ಪಸೆ ಮಾತ್ರ. ನೀರನ್ನು ಬಚ್ಚಲಿಗೆ ಚೆಲ್ಲಲು ಎದ್ದೆ. ಅಮ್ಮ ಜೋಳದ ಹಿಟ್ಟಿನ ಡಬ್ಬಿ ಮುಚ್ಚುತ್ತಾ ಕೇಳಿದಳು:

‘ಜೋಳದ ಹಿಟ್ಟಿಗೆ ಎಸರು ಹಾಕಿದ್ಯಾ?’

‘ಎಸರು ಯಾಕೆ, ಇದು ರೊಟ್ಟಿ ಅಲ್ಲಲ್ಲ.’

‘ಹಿಟ್ಟಿಗೆ ಗೊತ್ತೇನು ಅದು ರೊಟ್ಟಿ ಆಗ್ತದೋ ಬ್ರೆಡ್ ಆಗ್ತದೋ ಅಂತ? ಎಸರಿಲ್ಲದ ಜೋಳ ಕೂಡಂಗಿಲ್ಲ. ಆ ನೀರೇ ಕಾಸು.’

ನಾಲ್ಕು ವಾರ ಮೀಟರ್ ಹಿಡಿದು ಅಲೆದವನು ನಾನು. ರೊಟ್ಟಿ ಬಡಿಯುವ ಮನೆಯಲ್ಲೇ ಹುಟ್ಟಿ ಬೆಳೆದು, ಕುದಿಯುವ ಎಸರು ಹಿಟ್ಟಿನ ಗುಳಿಗೆ ಬೀಳುವುದನ್ನು ದಿನಾ ನೋಡಿದವನು. ನನಗೇ ಹೊಳೆದಿರಲಿಲ್ಲ. ಕುದಿನೀರು ಬಿದ್ದಾಗ ಜೋಳದ ಗಂಜಿ (ಪಿಷ್ಟ) ಉಬ್ಬಿ, ನೀರನ್ನು ಒಳಗೆ ಹಿಡಿದು, ಅಂಟಾಗುತ್ತದೆ. ರೊಟ್ಟಿ ಬಡಿಯುವಾಗ ಅಂಚು ಒಡೆಯದಿರುವುದು ಅದರಿಂದಲೇ. ಬ್ರೆಡ್ಡಿನಲ್ಲಿ ಮೊಟ್ಟೆ ಮಾಡುವ ಕೆಲಸದ ಒಂದು ಪಾಲನ್ನು ಇಲ್ಲಿ ಈ ಗಂಜಿ ಮಾಡಬಲ್ಲದು.

ಸೋರೆಕಾಯಿ ನೀರಿಗೆ ಇನ್ನೊಂದಿಷ್ಟು ನೀರು ಸೇರಿಸಿ 120 ಮಿಲಿ ಮಾಡಿ, ಮರಳಿಸಿ, 80 ಗ್ರಾಂ ಜೋಳದ ಹಿಟ್ಟಿನ ಮೇಲೆ ಸುರಿದೆ. ಸೌಟಿನ ಹಿಡಿಯಿಂದ ತಿರುವಿದಾಗ ಹಿಟ್ಟು ಸದ್ದಿಲ್ಲದೆ ಗಟ್ಟಿ ಮುದ್ದೆಯಾಯಿತು, ಹೊಳಪು ಬಂತು, ಒಲೆಯ ಮುಂದೆ ಕೂತಾಗಿನ ರೊಟ್ಟಿಯ ವಾಸನೆ ಬಂತು. ಮುಚ್ಚಿಟ್ಟು ಆರಲು ಬಿಟ್ಟು, ಆಮೇಲೆ ಮೊಸರು ಹಾಕಿ ಕೈಯಲ್ಲೇ ಕದಡಿ ಗಂಟು ಒಡೆದೆ. ಸೋರೆಕಾಯಿಯಿಂದ ತೆಗೆದ ನೀರು ಸೋರೆಕಾಯಿಯ ಬ್ರೆಡ್ಡಿಗೇ ವಾಪಸ್ಸು, ಆದರೆ ಈ ಸಲ ಜೋಳದ ಹಿಡಿತದಲ್ಲಿ. ತಳಕ್ಕೆ ಇಳಿಯುವ ದಾರಿಯೇ ಇಲ್ಲ.

ಆ ಬ್ರೆಡ್ಡಿನ ಒಳಗು ಸರಿ ಬಂತು. ಹೊರಗೆ ಬೇರೆ ತಕರಾರು. ನನ್ನದು ಸಣ್ಣ ಒಲೆ, ಡಬ್ಬಿಯ ಗೋಡೆಗಳು ಕಡ್ಡಿಗೆ ಹತ್ತಿರ. ಅಂಚು ಮೊದಲು ಬೆಂದು ಗಟ್ಟಿಯಾಗಿ, ನಡುವಿನ ಹಿಟ್ಟು ತಡವಾಗಿ ಉಬ್ಬಿ, ದಾರಿ ಸಿಗದೆ ಮೇಲೆ ಬೆಟ್ಟದ ಹಾಗೆ ಎದ್ದು ಸೀಳಿತು. ನಮ್ಮೂರ ಕೋಟೆಗುಡ್ಡದ ಆಕಾರವೇ. ಅಂಚು ಮಾತ್ರ ಮುರುಕಾಗಿತ್ತು. ಸಾಲದ್ದಕ್ಕೆ ತಾಳ್ಮೆ ಕೆಟ್ಟು ಬಿಸಿ ಬಿಸಿಯಾಗಿಯೇ ಕುಯ್ದೆ, ಚಾಕು ಮೇಣಕ್ಕೆ ಹೊಕ್ಕ ಹಾಗೆ ಹೊಕ್ಕಿತು. ಒಳಗಿನ ಆವಿ ಹೋಗಿ ಗಂಜಿ ಕೂರುವವರೆಗೆ ಕುಯ್ಯಬಾರದು. ಡಬ್ಬಿಯಲ್ಲಿ ಹತ್ತು ನಿಮಿಷ, ಆಮೇಲೆ ಜಾಲರಿಯ ಮೇಲೆ ಎರಡು ತಾಸು.

ಅಂಚಿನ ಮದ್ದು ಕೆಲಸದ ಜಾಗದಲ್ಲಿ ಸಿಕ್ಕಿತು. ಡಬ್ಬಿಯ ಸುತ್ತ ಒದ್ದೆ ಬಟ್ಟೆಯ ಪಟ್ಟಿ ಕಟ್ಟಿದರೆ ಗೋಡೆ ಬೇಗ ಕಾಯುವುದಿಲ್ಲ, ಬಟ್ಟೆಯಲ್ಲಿ ನೀರಿರುವವರೆಗೆ ಅಲ್ಲಿಯ ಶಾಖ ನೂರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಕೇಕ್ ಮಾಡುವವರು ಇಂಥ ಪಟ್ಟಿ ದುಡ್ಡು ಕೊಟ್ಟು ತರಿಸುತ್ತಾರೆ. ಬಳ್ಳಾರಿಯಲ್ಲಿ ಜೀನ್ಸ್ ತುಂಡಿಗೆ ಯಾರಾದರೂ ದುಡ್ಡು ಕೊಡುತ್ತಾರೆಯೇ? ಕಟಿಂಗ್ ಟೇಬಲ್ಲಿನ ಕೆಳಗೆ ಚೀಲಗಟ್ಟಲೆ ಬಿದ್ದಿರುತ್ತದೆ.

ಆದರೆ ಎಲ್ಲ ತುಂಡೂ ಆಗುವುದಿಲ್ಲ. ಈಗಿನ ಜೀನ್ಸಿನಲ್ಲಿ ಹಿಗ್ಗುವ ನೂಲು ಸೇರಿರುತ್ತದೆ, ಅದು ಒಲೆಯಲ್ಲಿ ಕರಗಿ ನಾರುತ್ತದೆ. ಬಟ್ಟೆಯ ಉದ್ದ, ಅಡ್ಡ ಎರಡು ಕಡೆಯಿಂದಲೂ ಒಂದೊಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿಯಿರಿ. ಪೂರ್ತಿ ಹತ್ತಿಯಾದರೆ ಸುಟ್ಟ ಕಾಗದದ ವಾಸನೆ, ಬೆರಳಲ್ಲಿ ಉಜ್ಜಿದರೆ ಬೂದಿ. ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ ಆ ತುಂಡು ಬೇಡ. ನಾಲ್ಕು ಬೆರಳು ಅಗಲದ ಉದ್ದ ಪಟ್ಟಿ ಕತ್ತರಿಸಿ, ನೀಲಿ ಬಿಡುವುದು ನಿಲ್ಲುವವರೆಗೆ ಬಿಸಿನೀರಲ್ಲಿ ಒಗೆದೆ. ನನಗೆ ಐದು ನೀರು ಬೇಕಾಯಿತು, ಬಕೆಟ್ಟು ಇನ್ನೂ ನೀಲಿಯೇ. ಬೇಯಿಸುವ ದಿನ ಪಟ್ಟಿಯನ್ನು ನೀರಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ಎರಡು ಸುತ್ತು ಬಿಗಿಯಾಗಿ ಸುತ್ತಿ ಕಬ್ಬಿಣದ ಪಿನ್ನು ಚುಚ್ಚಿದೆ. ಬಟ್ಟೆ ಎಲ್ಲೂ ಕಡ್ಡಿಗೆ ತಾಗಬಾರದು, ಒಲೆ ಬಿಟ್ಟು ಎದ್ದು ಹೋಗಲೂಬಾರದು.

ಐದನೇ ಭಾನುವಾರ ಮಾಡಿದ್ದು ಹೀಗೆ. ಮೊದಲು ಕಾಯಿಯ ತುಂಡೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ. ಇದನ್ನು ಯಾವತ್ತೂ ಬಿಡಬೇಡಿ. ಸೋರೆಕಾಯಿ ಕಹಿ ಇದ್ದರೆ ಅದು ಕುಕುರ್ಬಿಟಾಸಿನ್ ಎಂಬ ವಿಷ, ಬೇಯಿಸಿದರೂ ಹೋಗುವುದಿಲ್ಲ, ಹಾಗೇ ತಿಪ್ಪೆಗೆ ಹಾಕಬೇಕು. ಕಾಯಿ ಸಿಹಿಯಿತ್ತು. 300 ಗ್ರಾಂ ತುರಿದು, ಉಪ್ಪು ಹಾಕಿ ಹಿಂಡಿ, ಆ ನೀರಿನ ಎಸರಲ್ಲಿ 80 ಗ್ರಾಂ ಜೋಳದ ಹಿಟ್ಟು ಬೇಯಿಸಿ, ಆರಿದ ಮೇಲೆ 180 ಗ್ರಾಂ ಮೊಸರು, 60 ಮಿಲಿ ಶೇಂಗಾ ಎಣ್ಣೆ, ಒಂದು ಚಿಟಿಕೆ ಬೆಲ್ಲ ಕದಡಿದೆ. ಹಿಂಡಿದ ತುರಿ, ಒಂದು ಸಣ್ಣ ಗಜ್ಜರಿಯ ತುರಿ, ಮೂರು ಹಸಿಮೆಣಸಿನಕಾಯಿ, ಕೊತ್ತಂಬರಿ, ಅಂಗೈಯಲ್ಲಿ ತಿಕ್ಕಿದ ಅಜವಾನ. ಬೇರೆ ಪಾತ್ರೆಯಲ್ಲಿ 170 ಗ್ರಾಂ ಗೋಧಿಹಿಟ್ಟಿಗೆ ಸೋಡಾ, ಬೇಕಿಂಗ್ ಪೌಡರ್, ಕಾಲು ಚಮಚ ಉಪ್ಪು ಹಾಕಿ ಜರಡಿ ಹಿಡಿದೆ. ಸೂರ್ಯಪಾನದ ಬೀಜವನ್ನೂ ಹಟಕ್ಕೆ ಬಿದ್ದು ಮತ್ತೆ ಹಾಕಿದೆ, ಒಂದು ಹಿಡಿ. ಒಲೆ ಕಾದ ಮೇಲೆಯೇ ಎರಡನ್ನೂ ಕೂಡಿಸಿದ್ದು, ಯಾಕೆಂದರೆ ಸೋಡಾಕ್ಕೆ ಮೊಸರು ತಾಗಿದ ಕ್ಷಣದಿಂದ ಗಾಳಿ ಹೊರಡುತ್ತದೆ, ನಿಮಗಾಗಿ ಕಾಯುವುದಿಲ್ಲ. ಸೌಟಿನಿಂದ ಹದಿನೈದು ಸಲ ತಿರುವಿದೆ, ಒಣ ಹಿಟ್ಟಿನ ಗೆರೆ ಮಾಯವಾದ ಕೂಡಲೇ ನಿಲ್ಲಿಸಿದೆ. ಹೆಚ್ಚು ತಿರುವಿದರೆ ಗೋಧಿ ಬಿಗಿದು, ಒಳಗೆ ಇಲಿ ಬಿಲದಂಥ ಸುರಂಗ ಬೀಳುತ್ತವೆ. ಹಿಟ್ಟು ಇಡ್ಲಿಗಿಂತ ಗಟ್ಟಿ, ವಡೆಗಿಂತ ತೆಳು.

ಎಂಟೂವರೆ ಇಂಚು ಉದ್ದ, ನಾಲ್ಕೂವರೆ ಅಗಲದ ಡಬ್ಬಿ. ಡಯಲ್ 200, ಅಂದರೆ ನಿಜಕ್ಕೆ 180. ಬಟ್ಟೆ ಕಟ್ಟಿದ್ದಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿಯಿತು, ಒಟ್ಟು 62 ನಿಮಿಷ. ಹಂಚಿಕಡ್ಡಿ ಚುಚ್ಚಿದರೆ ಪುಡಿ ಅಂಟಿತು, ಹಸಿ ಇರಲಿಲ್ಲ. ಮೇಲ್ಭಾಗ ಚಪ್ಪಟೆ, ಒಂದೇ ಒಂದು ಕೂದಲೆಳೆಯ ಸೀಳು. ಪಟ್ಟಿ ಒಣಗಿ ಒಂದು ಮೂಲೆ ಕಂದಿತ್ತು ಅಷ್ಟೇ.

ಎರಡು ತಾಸು ಕಾದೆ. ಅಂದರೆ ಒಂದೂ ಮುಕ್ಕಾಲು ತಾಸು. ಚೂರು ಅಲುಗಾಡದೆ ಹೋಳು ಬಂತು, ಒಳಗೆ ತಳದಿಂದ ತುದಿಯವರೆಗೆ ಒಂದೇ ಹದ, ಅಲ್ಲಲ್ಲಿ ಗಜ್ಜರಿಯ ಕೆಂಪು ಎಳೆ. ಮರಳು ಇಲ್ಲ, ಸೋಪು ಇಲ್ಲ. ಅಮ್ಮ ಹಾಗೇ ತಿನ್ನಲಿಲ್ಲ. ಎರಡು ಹೋಳನ್ನು ರೊಟ್ಟಿ ಹಂಚಿನ ಮೇಲೆ ಹಾಕಿ, ಎರಡೂ ಕಡೆ ಕಲೆ ಬೀಳುವವರೆಗೆ ಕಾಯಿಸಿ, ಶೇಂಗಾ ಚಟ್ನಿಪುಡಿ, ಮೇಲೆ ಎಣ್ಣೆ ಹಾಕಿಕೊಂಡು ತಿಂದಳು. ‘ಥಾಲಿಪಟ್ಟೇ ಇದು’ ಅಂದಳು, ‘ಡಬ್ಬಿಯೊಳಗೆ ಹಾಕಿದ್ದೀ ಅಷ್ಟೇ.’ ಮೂರನೇ ಹೋಳು ಕೇಳಿದಳು. ಹಂಚಿನಲ್ಲಿ ಕಾಯಿಸಿದ್ದು ನಾನೂ ತಿಂದು ನೋಡಿದೆ, ಒಲೆಯಿಂದ ಬಂದದ್ದಕ್ಕಿಂತ ಅದೇ ಚೆನ್ನ.

ಮಾರನೇ ಬೆಳಿಗ್ಗೆ ಎದ್ದವನೇ ಡಬ್ಬಿ ತೆರೆದು ಬೀಜಗಳನ್ನು ನೋಡಿದೆ. ಬೂದು ಬಣ್ಣವೇ ಇತ್ತು. ಒಂದು ಬೀಜದ ಸುತ್ತ ಮಾತ್ರ ಸಣ್ಣ ಹಸಿರು, ಸೋಡಾ ಅಲ್ಲಿ ಗಂಟಾಗಿ ಉಳಿದಿತ್ತು ಅಂತ ಕಾಣುತ್ತದೆ. ಅದನ್ನು ಯಾರೂ ನೋಡುವ ಮೊದಲು ನಾನೇ ತಿಂದೆ. ಉಳಿದದ್ದು ಟಿಫನ್ ಡಬ್ಬಿಯಲ್ಲಿ ಘಟಕಕ್ಕೆ ಹೋಯಿತು, ಹತ್ತು ನಿಮಿಷಕ್ಕೆ ಖಾಲಿ.

ಒಲೆಯ ಎಡಗಡೆ ಇನ್ನೂ ಬಲಕ್ಕಿಂತ ಬೇಗ ಕೆಂಪಾಗುತ್ತದೆ, ಮೂವತ್ತನೇ ನಿಮಿಷಕ್ಕೆ ಡಬ್ಬಿ ತಿರುಗಿಸಿ ನಿಭಾಯಿಸುತ್ತಿದ್ದೇನೆ. ಬಾಗಿಲಿನ ಸ್ಪ್ರಿಂಗ್ ಸಡಿಲವಿದೆ ಅಂತ ಅನುಮಾನ. ಈ ವಾರ ಅದನ್ನು ಬಿಚ್ಚುತ್ತೇನೆ. ತಗಡಿನ ಮೇಲೆ ಇನ್ನೂ ನಾಲ್ಕು ಕಾಯಿ ಇವೆ.